ಬಂಡಿ ಹಿಂದೆ ಬರ್ತಾ ಇದೆಯಾ

ಇದು ನಮ್ಮ ಬೀದಿಯಲ್ಲೇ ನಡೆದದ್ದು. ನಮ್ಮ ಮನೆಯಿಂದ ಆಚೆಗೆ ಮೂರನೇ ಬಾಗಿಲು. ಹೆಡ್ಲಿ ಸಗ್ಡನ್ ಅಂತ, ಬಸ್ ಡ್ರೈವರು. ಮೊದಲು ಟ್ರಾಮು ಓಡಿಸುತ್ತಿದ್ದ, ಟ್ರಾಮು ನಿಂತ ಮೇಲೆ ಬಸ್ಸು. ಸುಳ್ಳು ಹೇಳುವ ಆಸಾಮಿ ಅಲ್ಲ. ಸುಳ್ಳು ಹೇಳಲಿಕ್ಕೆ ನಾಲ್ಕು ಮಾತಾದರೂ ಆಡಬೇಕಲ್ಲ, ಅವನು ಅಷ್ಟೂ ಆಡುತ್ತಿರಲಿಲ್ಲ.

ಅಕ್ಟೋಬರ್ ಕೊನೆ. ಮಂಜು ಬಿದ್ದಿತ್ತು. ಹೆಡ್ಲಿ ಕೊನೆಯ ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ ಮನೆಗೆ ನಡೆದು ಬರುತ್ತಿದ್ದ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ದೀಪದ ಕಂಬಗಳು ಇದ್ದವು, ಆದರೆ ಮಂಜಿನಲ್ಲಿ ಒಂದೊಂದು ದೀಪವೂ ತನ್ನ ಕಾಲಬುಡವನ್ನಷ್ಟೇ ಬೆಳಗುತ್ತಿತ್ತು. ಬೂಟಿನ ಸದ್ದು... ಟಕ್, ಟಕ್, ಟಕ್. ಎಲ್ಮ್ ಮರದಿಂದ ಬಸ್ ಸ್ಟಾಪಿನ ತಗಡಿನ ಮೇಲೆ ನೀರು... ತೊಟ್... ತೊಟ್.

ಆ ಸ್ಟಾಪಿನ ಹೆಸರು ಬಾವಿ. ಅಲ್ಲಿ ಈಗ ಬಾವಿ ಕಾಣುವುದಿಲ್ಲ. ಆರ್ಲ್‌ವಿಕ್ ಹಳ್ಳಿಯಾಗಿದ್ದಾಗ ಊರಿಗೆಲ್ಲ ಅದೇ ನೀರು. ನಗರಕ್ಕೂ ನಮಗೂ ನಡುವೆ ಆಗ ಬರೀ ಹೊಲ. ಆಮೇಲೆ ರೈಲು ಬಂತು, ರೈಲಿನ ಬೆನ್ನಿಗೆ ಟ್ರಾಮು, ಟ್ರಾಮಿನ ಬೆನ್ನಿಗೆ ಮನೆಗಳು. ಮನೆ ಪಕ್ಕ ಮನೆ ಎದ್ದು, ನಗರ ಯಾವತ್ತು ನಮ್ಮ ಹೊಸ್ತಿಲಿಗೆ ಬಂದು ಕೂತಿತೋ ಯಾರಿಗೂ ತಿಳಿಯಲಿಲ್ಲ. ಟ್ರಾಮಿನ ಕಂಬಿ ಹಾಕುವಾಗ ಓಣಿ ಅಗಲ ಮಾಡಿದರು, ಬಾವಿಯ ಬಾಯಿಗೆ ಒಂದು ದೊಡ್ಡ ಚಪ್ಪಡಿ ಎಳೆದರು. ಈಗ ಕಂಬಿಗಳೂ ಡಾಮರಿನ ಅಡಿಗೆ ಹೋಗಿವೆ. ಚಪ್ಪಡಿಯ ಮೇಲೆ ನಿಂತುಕೊಂಡೇ ಜನ ಬಸ್ಸಿಗೆ ಕಾಯುತ್ತಾರೆ. ಹೊಸಬರಿಗೆ ಅದರ ಕೆಳಗೆ ಏನಿದೆ ಅಂತಲೂ ಗೊತ್ತಿಲ್ಲ.

ಹೆಡ್ಲಿಯೂ ಹೊರಗಿನವನೇ. ಈ ಊರವಳು ಅವನ ಹೆಂಡತಿ ಎನಿಡ್. ಅವಳು ಅದೇ ವರ್ಷ ಮಾರ್ಚಿನಲ್ಲಿ ತೀರಿಕೊಂಡಿದ್ದಳು. ಆಸ್ಪತ್ರೆಯಲ್ಲಿ. ಆಗ ಹೆಡ್ಲಿ ಡ್ಯೂಟಿಯಲ್ಲಿದ್ದ. ಇನ್‌ಸ್ಪೆಕ್ಟರು ಒಂದು ಸ್ಟಾಪಿನಲ್ಲಿ ಬಸ್ಸನ್ನು ತಡೆದು, ಕಿಟಕಿಯ ಹತ್ತಿರ ಬಂದು, ಟೋಪಿ ತೆಗೆದು ಸುದ್ದಿ ಹೇಳಿದ. ಹೆಡ್ಲಿ ತಲೆ ಆಡಿಸಿದ. ಆಮೇಲೆ ಗೇರು ಹಾಕಿ ಕೊನೆಯ ಸ್ಟಾಪಿನವರೆಗೂ ಓಡಿಸಿದ. ಯಾಕಯ್ಯಾ ಹಾಗೆ ಮಾಡಿದೆ ಅಂತ ಆಮೇಲೆ ಕೇಳಿದವರಿಗೆ, "ಬಸ್ ತುಂಬ ಜನ ಇದ್ರು" ಅಂದ.

ಅಷ್ಟೇ. ಅತ್ತದ್ದನ್ನು ಯಾರೂ ನೋಡಲಿಲ್ಲ. ಅವನಿಗೇ ಅಳು ಬರಲಿಲ್ಲವಂತೆ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ದವಡೆ ಹೇಗಿರುತ್ತದೋ, ಎದೆ ಹಾಗಿತ್ತು ಅಂತ ಎಷ್ಟೋ ದಿನದ ಮೇಲೆ ನನ್ನ ಹತ್ತಿರ ಅಂದಿದ್ದ.

ಆ ರಾತ್ರಿ ಬಾವಿ ಸ್ಟಾಪಿಗೆ ಬಂದಾಗ ಒಂದು ಸದ್ದು ಕೇಳಿತು. ಕಿರ್ರ್... ಕಿರ್ರ್... ಹಗ್ಗದ ಭಾರಕ್ಕೆ ಒಣ ರಾಟೆ ತಿರುಗುವ ಸದ್ದು. ಅದು ಮೇಲಿನಿಂದ ಬರುತ್ತಿರಲಿಲ್ಲ. ಕಾಲ ಕೆಳಗಿನಿಂದ ಬರುತ್ತಿತ್ತು.

ಹೆಡ್ಲಿ ನಿಂತ. ಸ್ಟಾಪಿನ ಕಂಬದ ಪಕ್ಕ ಒಬ್ಬ ಹೆಂಗಸು ನಿಂತಿದ್ದಳು. ತಲೆ ಮೇಲಿಂದ ದಪ್ಪ ಶಾಲು. ಮುಖ ಆ ಕಡೆಗೆ, ನಗರದ ದಾರಿಯ ಕಡೆಗೆ.

"ಬಸ್ ಇಲ್ಲಮ್ಮಾ. ಕೊನೇದು ಹೋಯ್ತು," ಅಂದ.

ಅವಳು ತಿರುಗಲಿಲ್ಲ. ಪಿಸುಮಾತಿನಲ್ಲಿ ಕೇಳಿದಳು.

"ಬಂಡಿ ಹಿಂದೆ ಬರ್ತಾ ಇದೆಯಾ?"

ಈಗ ನೋಡಿ, ಹಳೇ ಆರ್ಲ್‌ವಿಕ್‌ನ ಮಕ್ಕಳಿಗೆಲ್ಲ ಇದು ಗೊತ್ತು. ಕತ್ತಲಾದ ಮೇಲೆ ಬಾವಿ ಹತ್ತಿರ ಯಾರಾದರೂ ಹಾಗೆ ಕೇಳಿದರೆ, "ಬರ್ತಾ ಇದೆ, ಹಿಂದೇನೇ ಇದೆ" ಅಂತ ಹೇಳಬೇಕು. ಹೇಳಿ, ತಿರುಗಿ ನೋಡದೆ ಮನೆಗೆ ಹೋಗಬೇಕು. ಎನಿಡ್ ಕೂಡ ಮದುವೆಯಾದ ಹೊಸತರಲ್ಲಿ ಗಂಡನಿಗೆ ಹೇಳಿದ್ದಳಂತೆ. ಅವನು ನಕ್ಕಿದ್ದ. ಮರೆತೂ ಬಿಟ್ಟಿದ್ದ.

ಅವನು ಹಿಂದೆ ತಿರುಗಿ ರಸ್ತೆಯನ್ನು ನೋಡಿದ. ಮಂಜು ಬಿಟ್ಟರೆ ಏನೂ ಇಲ್ಲ. ಕೇಳಿದವರಿಗೆ ಇದ್ದದ್ದನ್ನು ಹೇಳಿದ.

"ಇಲ್ಲ. ಹಿಂದೆ ಏನೂ ಬರ್ತಾ ಇಲ್ಲ. ಯಾರೂ ಬರಲ್ಲ."

ರಾಟೆಯ ಸದ್ದು ನಿಂತಿತು... ತಗಡಿನ ಮೇಲೆ ತೊಟ್ಟಿಕ್ಕುತ್ತಿದ್ದ ನೀರೂ ನಿಂತಿತು.

ಹೆಡ್ಲಿ ನಡೆದ. ಸ್ವಲ್ಪ ದೂರ ಹೋದ ಮೇಲೆ ಬೆನ್ನ ಹಿಂದೆ ಹೆಜ್ಜೆ. ಬೂಟಿನದಲ್ಲ. ಹಿಂದೆ ಗಿರಣಿಯ ಹೆಂಗಸರು ಮರದ ಅಟ್ಟೆಯ ಮೆಟ್ಟು ಹಾಕುತ್ತಿದ್ದರಲ್ಲ, ಅದು. ಟೊಕ್... ಟೊಕ್... ಜೊತೆಗೆ ಒದ್ದೆ ಲಂಗದ ಅಂಚು ನೆಲಕ್ಕೆ ಎಳೆಯುವ ಸರ್ರ್... ಅವನು ನಿಂತರೆ ಅದೂ ನಿಲ್ಲುತ್ತಿತ್ತು.

ಮನೆ ಬಂತು. ಬೀಗ ತೆಗೆದು ಬಾಗಿಲು ತಳ್ಳಿದ. ಒಳಗೆ ಕಾಲಿಟ್ಟವನು ಬಾಗಿಲನ್ನು ಹಾಗೇ ಹಿಡಿದುಕೊಂಡು ನಿಂತ, ಹಿಂದೆ ಬರುವವರು ಒಳಗೆ ಬರಲಿ ಅಂತ. ಎನಿಡ್ ಸಾಮಾನಿನ ಚೀಲ ಹಿಡಿದು ಹಿಂದೆ ಬರುವಾಗ ಇಪ್ಪತ್ತು ವರ್ಷ ಹಾಗೆ ಹಿಡಿದಿದ್ದ. ಕೈಗೆ ಅಭ್ಯಾಸ. ತಣ್ಣನೆ ಗಾಳಿ ಮೊಣಕಾಲು ಸವರಿಕೊಂಡು ಒಳಗೆ ಹೋಯಿತು. ಆಮೇಲೆ ಅವನು ಬಾಗಿಲು ಹಾಕಿದ.

ಮಗಳು ಮ್ಯೂರಿಯಲ್ ಮಲಗಿದ್ದಳು. ಹತ್ತೊಂಬತ್ತರ ಹುಡುಗಿ, ನಗರದ ಟೆಲಿಫೋನ್ ಆಫೀಸಿನಲ್ಲಿ ಕೆಲಸ. ಅಪ್ಪನಿಗೆ ಅಂತ ಮಾಂಸದ ಪೈ, ಬೇಯಿಸಿದ ಆಲೂಗಡ್ಡೆ ಒಲೆಯೊಳಗೆ ಮುಚ್ಚಿಟ್ಟಿದ್ದಳು. ಹೆಡ್ಲಿ ನಿಂತುಕೊಂಡೇ ತಿಂದ. ಆಗ ಮುಂದಿನ ಕೋಣೆಯಲ್ಲಿ ಕುರ್ಚಿ ಸದ್ದು ಮಾಡಿತು. ಯಾರಾದರೂ ಕೂತಾಗ ಬೆತ್ತ ಕಿರುಗುಟ್ಟುವ ಸದ್ದು. ಎನಿಡ್‌ಳ ಕುರ್ಚಿ.

ಹೋಗಿ ನೋಡಿದ. ಅವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಶಾಲಿನ ತುದಿಯಿಂದ ಚಾಪೆಯ ಮೇಲೆ ನೀರು ಹನಿಯುತ್ತಿತ್ತು.

"ಹೆದರಿಕೆ ಆಗ್ಬೇಕಿತ್ತು," ಅಂದಿದ್ದ ಹೆಡ್ಲಿ. "ಆಗ್ಲಿಲ್ಲ. ದೀಪ ಆರಿಸಿ ಮಲಗೋಕೆ ಹೋದೆ."

ಮಾರನೇ ರಾತ್ರಿಯೂ ಅವಳು ಅಲ್ಲೇ. ಹಗಲಿನಲ್ಲಿ ಕಾಣುವುದಿಲ್ಲ, ಕುರ್ಚಿ ಮಾತ್ರ ಒದ್ದೆ. ಕತ್ತಲಾಗುತ್ತಲೂ ಇರುತ್ತಾಳೆ. ಹೆಡ್ಲಿ ಬಾಗಿಲು ತೆಗೆದ ತಕ್ಷಣ ಪಿಸುಮಾತು. ಬಂಡಿ ಹಿಂದೆ ಬರ್ತಾ ಇದೆಯಾ? ಇವನು, "ಇಲ್ಲ." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಇವನು ಕೋಟು ತೆಗೆದು ಮೊಳೆಗೆ ಹಾಕಿ, ಎದುರಿನ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂರುತ್ತಿದ್ದ. ಇಬ್ಬರೂ ಕಿಟಕಿ ನೋಡುತ್ತಿದ್ದರು. ಮನೆಯಲ್ಲಿ ಯಾರೋ ಇದ್ದಾರೆ ಅಂತ ಅನ್ನಿಸುವುದಷ್ಟೇ ಅವನಿಗೆ ಸಾಕಾಗಿತ್ತೋ ಏನೋ.

ಮನೆ ಮಾತ್ರ ತಣ್ಣಗಾಗುತ್ತಾ ಬಂತು. ಒಲೆಗೆ ಎಷ್ಟು ಕಲ್ಲಿದ್ದಲು ಸುರಿದರೂ ಬೆಂಕಿ ಕೆಂಪಗೆ ಕಾಣುತ್ತಿತ್ತೇ ಹೊರತು ಬಿಸಿ ಇಲ್ಲ. ಕಿಟಕಿ ಗಾಜಿನ ಒಳಮೈಯಲ್ಲಿ ನೀರು. ಬ್ರೆಡ್ಡಿಗೆ ಒಂದೇ ದಿನಕ್ಕೆ ಬೂಸಲು. ಎಲ್ಲದಕ್ಕೂ ಒಂದು ವಾಸನೆ, ಪಾಚಿಯದು, ತುಕ್ಕು ಹಿಡಿದ ಕಬ್ಬಿಣದ್ದು.

ಅವನ ಬಸ್ಸಿನ ಕಂಡಕ್ಟರು ಸಿರಿಲ್ ಬಾಯಿಬಡುಕ. ಒಂದು ದಿನ ಮೂಗು ಮುಚ್ಚಿಕೊಂಡು ಕೇಳಿದ.

"ಏನಯ್ಯಾ, ಕೊಳದಿಂದ ಎದ್ದು ಬಂದ ಕಪ್ಪೆ ಥರ ನಾರ್ತಿದೀಯಲ್ಲ. ಬಟ್ಟೆ ಒಗೆಯೋದು ಬಿಟ್ಟು ನೀನೇ ನೆನ್ಕೊಂಡು ಕೂತಿದ್ದೀಯಾ?"

"ಮನೆ ಸ್ವಲ್ಪ ಶೀತ," ಅಂದ ಹೆಡ್ಲಿ.

"ಒಬ್ಬಳನ್ನ ನೋಡಿ ಕಟ್ಕೋ ಮಾರಾಯಾ. ಮನೆ ಬೆಚ್ಚಗಾಗುತ್ತೆ."

ಸಿರಿಲ್ ಆಮೇಲೆ ನಾಲಿಗೆ ಕಚ್ಚಿಕೊಂಡು, ತನ್ನ ಫ್ಲಾಸ್ಕಿನ ಚಹಾದಲ್ಲಿ ಅರ್ಧ ಅವನಿಗೆ ಕೊಟ್ಟ.

ಮ್ಯೂರಿಯಲ್ ಮೊದಮೊದಲು ಗೋಡೆ ಸೋರುತ್ತಿದೆ ಅಂದುಕೊಂಡಳು. ಕೌನ್ಸಿಲ್‌ನವರನ್ನು ಕರೆಸಬೇಕು ಅಂದಳು. ಆಮೇಲೆ ಅವಳಿಗೂ ಕೇಳಿಸಿತು. ಒಂದು ಬೆಳಿಗ್ಗೆ ಅಪ್ಪನನ್ನು ಕೇಳಿದಳು.

"ಅಪ್ಪಾ, ರಾತ್ರಿ ಯಾರ ಜೊತೆ ಮಾತಾಡ್ತೀಯ?"

"ಯಾರ ಜೊತೇನೂ ಇಲ್ಲ."

"ನಂಗೆ ಕೇಳಿಸ್ತಪ್ಪಾ."

"ಹಾಗಾದ್ರೆ ಕೇಳಿಸ್ಲಿ ಬಿಡು. ಅವಳು ಏನೂ ಮಾಡಲ್ಲ."

ಮ್ಯೂರಿಯಲ್ ಅವನ ಮುಖವನ್ನೇ ನೋಡಿದಳು. ಗಾಬರಿ, ನಾಚಿಕೆ, ಏನಾದರೂ ಒಂದು ಕಂಡೀತು ಅಂತ. ಏನೂ ಕಾಣಲಿಲ್ಲ. ಅವಳು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದಳು.

ಅಪ್ಪ ಕೊನೆಯ ಬಸ್ಸು ಮುಗಿಸಿ ಬರುವವರೆಗೆ ಆ ಮನೆಯಲ್ಲಿ ಮಗಳೊಬ್ಬಳೇ. ಒಬ್ಬಳೇ ಅಂದರೆ, ಆ ಕುರ್ಚಿಯವಳ ಜೊತೆ. ಹುಡುಗಿ ಮೊದಲು ಅಡಿಗೆ ಮನೆಯ ಬಾಗಿಲು ಹಾಕಿಕೊಂಡು ಕೂತಳು. ಆಮೇಲೆ ಬಾಗಿಲು ತೆರೆದಿಟ್ಟುಕೊಂಡು. ಆಮೇಲೆ ಮುಂದಿನ ಕೋಣೆಯಲ್ಲಿ, ಕುರ್ಚಿಯ ಕಾಲಿನ ಹತ್ತಿರ ನೆಲದ ಮೇಲೆ. ನವೆಂಬರ್ ಹೊತ್ತಿಗೆ ಕೆಲಸಕ್ಕೆ ಹೋಗುವುದು ಬಿಟ್ಟಳು. ಕೇಳಿದರೆ ನೆಗಡಿ ಅಂದಳು. ಬೀದಿಯಲ್ಲಿ ನಾವೆಲ್ಲ ನೋಡುತ್ತಿದ್ದೆವು. ಸಂಜೆಯಾದರೆ ಕಿಟಕಿಯಲ್ಲಿ ಅವಳ ಮುಖ, ಬಿಳುಚಿಕೊಂಡು. ತಾಯಿ ಹೋದ ದುಃಖ ಅಂದುಕೊಂಡೆವು.

ಹೆಡ್ಲಿಯೂ ನೋಡಿದ. ನೋಡಿಯೂ ಅವನಿಗೆ ಏನೂ ಆಗಲಿಲ್ಲ. ಅದೇ ಘೋರ, ಅಂದಿದ್ದ ಅವನು. ಮಗಳು ಸೊರಗುತ್ತಿದ್ದಾಳೆ ಅಂತ ಕಣ್ಣಿಗೆ ಗೊತ್ತು, ಒಳಗೆ ತಲುಪುತ್ತಿಲ್ಲ.

ಹೀಗೇ ಒಂದು ರಾತ್ರಿ ಬಂದು ಬೀಗಕ್ಕೆ ಕೈ ಹಾಕಿದ. ಕೀಲಿ ತಿರುಗಿಸುವ ಮೊದಲೇ ಬಾಗಿಲು ಒಳಗಿನಿಂದ ತೆರೆಯಿತು. ಮ್ಯೂರಿಯಲ್ ನಿಂತಿದ್ದಳು. ಮನೆಯೊಳಗೇ ಇದ್ದವಳು, ಕೂದಲಿಂದ ನೀರು ಇಳಿಯುತ್ತಿತ್ತು. ಹೆಗಲ ಮೇಲೆ ತಾಯಿಯ ಶಾಲು. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ. ಅಪ್ಪನ ಹೆಗಲಿನ ಆಚೆ, ರಸ್ತೆಯ ಮೇಲಿತ್ತು.

"ಬಂಡಿ ಹಿಂದೆ ಬರ್ತಾ ಇದೆಯಾ... ಅಪ್ಪಾ?"

ಪಿಸುಮಾತು. ಅದೇ ಧಾಟಿ. ಅಪ್ಪಾ ಅಂದದ್ದು ಮಾತ್ರ ಅವಳದ್ದು.

ಮಾರ್ಚಿನಿಂದ ಈಚೆಗೆ ಮೊದಲ ಸಲ ಹೆಡ್ಲಿಯ ಒಳಗೆ ಏನೋ ತಲುಪಿತು. ನೋವು. ಅದು ನೋವು ಅಂತ ಗುರುತಿಸಲಿಕ್ಕೂ ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಬೆಳಗಾದ ಮೇಲೆ ಅವನು ಪಕ್ಕದ ಮನೆಯ ಟಾಫ್ಟ್ ಅಜ್ಜಿಯ ಬಾಗಿಲು ಬಡಿದ. ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಬಾವಿಯಿಂದ ನೀರು ಸೇದಿದ ಕೈಗಳಲ್ಲಿ ಉಳಿದದ್ದು ಅವಳದೊಂದೇ. ಅಜ್ಜಿ ಅವನನ್ನು ಅಡಿಗೆ ಮನೆಯಲ್ಲಿ ಕೂರಿಸಿ, ಚಹಾ ಬಗ್ಗಿಸಿ, ಎಲ್ಲ ಕೇಳಿದಳು.

"ಬಂಡಿ ಬರ್ತಿದೆಯಾ ಅಂದಾಗ ನೀನೇನಂದೆ?"

"ಇಲ್ಲ ಅಂದೆ."

"ಅಷ್ಟೇನಾ?"

"ಯಾರೂ ಬರಲ್ಲ ಅಂತಾನೂ ಅಂದೆ."

ಅಜ್ಜಿ ಕಪ್ಪನ್ನು ಕೆಳಗಿಟ್ಟಳು. "ಎಂಥಾ ಪೆದ್ದು ಮುಂಡೇದೇ. ಕುಡುಕರೂ ಕೂಡ ಆ ಮಾತು ಆಡಿಲ್ಲ ಕಣೋ. ಪಬ್ಬಿಂದ ತೂರಾಡ್ಕೊಂಡು ಬಂದವರೂ ಹಿಂದೇನೇ ಇದೆ ತಾಯಿ ಅಂತ ಹೇಳಿ ಓಡೋರು."

"ಯಾರಜ್ಜಿ ಅವಳು?"

"ಡಾರ್ಕಸ್. ಸಾಮಾನು ಸಾಗಿಸ್ತಿದ್ದ ಜೋನಾಸ್ ಲಂಬ್ ಹೆಂಡ್ತಿ. ನಮ್ಮಜ್ಜಿ ಕಣ್ಣಾರೆ ಕಂಡಿದ್ಳು ಅವಳನ್ನ."

ಅಜ್ಜಿ ಹೇಳಿದ್ದು ಇಷ್ಟು. ರೈಲು ಬರುವ ಮುಂಚೆ ಆರ್ಲ್‌ವಿಕ್‌ಗೂ ನಗರಕ್ಕೂ ಇದ್ದ ಒಂದೇ ದಾರಿ ಜೋನಾಸನ ಕುದುರೆ ಬಂಡಿ. ಊರಿನ ಬೆಣ್ಣೆ, ಮೊಟ್ಟೆ ಅವನು ಸಂತೆಗೆ ಒಯ್ಯುತ್ತಿದ್ದ. ಊರಿಗೆ ಬೇಕಾದ ಸಕ್ಕರೆ, ಚಹಾ, ಉಪ್ಪು ತರುತ್ತಿದ್ದ. ಜನರನ್ನೂ ಕೂರಿಸಿಕೊಳ್ಳುತ್ತಿದ್ದ. ರೈಲು ಬಂತು, ಒಬ್ಬೊಬ್ಬರೇ ಬಿಟ್ಟರು. ಆದರೂ ಅವನು ಬಂಡಿ ಕಟ್ಟುವುದನ್ನು ಬಿಡಲಿಲ್ಲ. ಒಂದು ಚಳಿಗಾಲ, ಹಳ್ಳ ಉಕ್ಕಿದ ದಿನ, ನಗರದಿಂದ ಹೊರಟವನು ಮನೆ ತಲುಪಲಿಲ್ಲ. ಹಳ್ಳ ದಾಟುವ ಜಾಗದಲ್ಲಿ ಹುಡುಕಿದರು. ಕುದುರೆ ಇಲ್ಲ, ಬಂಡಿ ಇಲ್ಲ, ಮನುಷ್ಯ ಇಲ್ಲ. ಡಾರ್ಕಸ್ ದಿನಾ ಬಾವಿಕಟ್ಟೆಗೆ ಬಂದು ನಿಂತು, ನಗರದ ಕಡೆಯಿಂದ ಬಂದವರನ್ನೆಲ್ಲ ಕೇಳುತ್ತಿದ್ದಳು. ಯಾರಿಗೂ ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ಬರ್ತಾ ಇದೆ, ಹಿಂದೇನೇ ಇದೆ. ಹಾಗೆ ನಿಂತೇ ಒಂದು ದಿನ ಸತ್ತಳು. ಸತ್ತ ಮೇಲೂ ಕೇಳಿದಳು. ಜನ ಅದನ್ನೇ ಹೇಳಿದರು.

"ಅಷ್ಟು ಕಾಲ ಆ ಮಾತಿನ ಮೇಲೆ ನಿಂತಿದ್ಳು," ಅಂದಳು ಅಜ್ಜಿ. "ನೀನು ಬಂದು ಅದನ್ನ ಎಳೆದು ಹಾಕ್ದೆ. ಇನ್ನು ಅವಳು ಬಾವಿ ಹತ್ರ ಯಾಕೆ ನಿಲ್ತಾಳೆ? ನಿನ್ನ ಮನೆಗೆ ಬಂದ್ಳು."

"ಈಗ ಬರ್ತಿದೆ ಅಂದ್ರೆ?"

"ನಿನ್ನ ಬಾಯಿಂದ ಅವಳು ನಂಬ್ತಾಳಾ?"

"ಮತ್ತೇನು ಮಾಡ್ಲಿ?"

"ಬಂಡಿ ತಗೊಂಡು ಬಾ."

"ಎಲ್ಲಿಂದ ತರ್ಲಿ ಅಜ್ಜಿ?"

"ಅಯ್ಯೋ ಬೆಪ್ಪೇ. ಈ ಊರಿನ ಜನಾನ ನಗರಕ್ಕೆ ಒಯ್ದು ತರೋನು ಈಗ ಯಾರು? ನಾನಾ?"

ಆ ರಾತ್ರಿ ಅವನು ಮನೆಗೆ ಬಂದಾಗ ಇಬ್ಬರೂ ಕಿಟಕಿಯಲ್ಲಿದ್ದರು. ಒಬ್ಬಳು ಕುರ್ಚಿಯಲ್ಲಿ, ಒಬ್ಬಳು ನೆಲದಲ್ಲಿ. ಕೇಳಿದವರು ಯಾರು ಅಂತ ಅವನಿಗೆ ತಿಳಿಯಲಿಲ್ಲ, ಎರಡು ಬಾಯಿಯಿಂದ ಒಂದೇ ಪಿಸುಮಾತು. ಹೆಡ್ಲಿ ಈ ಸಲ ಇಲ್ಲ ಅನ್ನಲಿಲ್ಲ.

"ನಾಳೆ ಬಾವಿ ಹತ್ರ ನಿಂತಿರು," ಅಂದ. "ನಾನು ಬರ್ತೀನಿ."

ಕುರ್ಚಿಯ ಬೆತ್ತ ಕಿರುಗುಟ್ಟಿತು. ಅಷ್ಟೇ ಉತ್ತರ.

ಮಾರನೇ ದಿನ ಟಾಫ್ಟ್ ಅಜ್ಜಿ ಮ್ಯೂರಿಯಲ್ ಜೊತೆ ಇರುತ್ತೇನೆ ಅಂತ ಹೆಣಿಗೆ ಎತ್ತಿಕೊಂಡು ಬಂದಳು. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಹೊರಗೆ ಮಳೆ, ಮಳೆಯ ಜೊತೆಗೆ ಮಂಜು.

ಹೆಡ್ಲಿಯ ಕೊನೆಯ ಬಸ್ಸು ಇಗರ್ಜಿಯ ಮುಂದೆ ಖಾಲಿಯಾಯಿತು. ಸಿರಿಲ್ ಮನೆ ಅಲ್ಲೇ ಪಕ್ಕ.

"ಡಿಪೋವರೆಗೂ ಬರ್ಬೇಕಾ?" ಕೇಳಿದ ಸಿರಿಲ್.

"ಬೇಡ. ನೀನು ಹೋಗು."

"ಒಬ್ಬನೇ ಹೋಗ್ತೀಯಾ ಈ ಮಂಜಲ್ಲಿ?"

"ಒಬ್ಬನೇ ಏನಿಲ್ಲ," ಅಂದ ಹೆಡ್ಲಿ. ಸಿರಿಲ್ ತಮಾಷೆ ಮಾಡಲಿಕ್ಕೆ ಬಾಯಿ ತೆರೆದವನು ಅವನ ಮುಖ ನೋಡಿ, ಕಾಲರು ಎತ್ತಿಕೊಂಡು ಮನೆಗೆ ಹೋದ.

ಆ ಕಾಲದ ಡಬಲ್ ಡೆಕ್ಕರುಗಳನ್ನು ನೀವು ನೋಡಿರಬಹುದು. ಡ್ರೈವರು ಮುಂದೆ ಗೂಡಿನಂಥ ಜಾಗದಲ್ಲಿ ಒಬ್ಬನೇ, ಬೆನ್ನ ಹಿಂದೆ ಒಂದು ಸಣ್ಣ ಗಾಜು. ಹತ್ತಿ ಇಳಿಯುವುದೆಲ್ಲ ಹಿಂಬದಿಯ ತೆರೆದ ಮೆಟ್ಟಿಲಲ್ಲಿ. ಕಂಡಕ್ಟರು ಗಂಟೆ ಬಾರಿಸಿದರೆ ಡ್ರೈವರಿಗೆ ಗೊತ್ತಾಗಬೇಕು. ಒಂದು ಸಲ ಟಣ್ ಅಂದರೆ ನಿಲ್ಲು, ಎರಡು ಸಲ ಅಂದರೆ ಹೊರಡು.

ಹೆಡ್ಲಿ ಖಾಲಿ ಬಸ್ಸನ್ನು ತಿರುಗಿಸಿ, ಬಾವಿ ಸ್ಟಾಪಿನಲ್ಲಿ ನಿಲ್ಲಿಸಿದ. ಎಂಜಿನ್ನು ಗುರ್ರ್ ಅನ್ನುತ್ತಿತ್ತು. ಮಳೆ ತಗಡಿನ ಮೇಲೆ ಪಟಪಟ. ಕಂಬದ ಹತ್ತಿರ ಯಾರೋ ಇದ್ದಾರೆ, ಆದರೆ ದೀಪದ ಬೆಳಕು ಅಲ್ಲಿಗೆ ಹೋಗುತ್ತಿರಲಿಲ್ಲ. ಕಾದ. ಹಿಂಬದಿಯ ಸ್ಪ್ರಿಂಗು ಕುಯ್ ಅಂತ ಸ್ವಲ್ಪ ತಗ್ಗಿತು. ಒಬ್ಬರು ಹತ್ತಿದರು. ಮತ್ತೆ ತಗ್ಗಿತು.

ಎರಡನೇ ಸಲ ಯಾಕೆ ತಗ್ಗಿತು ಅಂತ ಅವನಿಗೆ ಹೊಳೆಯುವ ಮೊದಲೇ ಗಂಟೆ ಬಾರಿಸಿತು.

ಟಣ್ ಟಣ್.

ಗಂಟೆಯಾದರೆ ಕೈಕಾಲು ತಾವೇ ಕೆಲಸ ಮಾಡುತ್ತವೆ. ಬಸ್ಸು ಹೊರಟಿತು. ಆಮೇಲೆ ಅವನು ಹಿಂದಿನ ಗಾಜಿನಲ್ಲಿ ನೋಡಿದ. ಉದ್ದಕ್ಕೂ ಖಾಲಿ ಸೀಟುಗಳು, ಹಳದಿ ದೀಪಗಳು. ನಡುವಿನ ಒಂದು ಸೀಟಿನಲ್ಲಿ ಮ್ಯೂರಿಯಲ್. ರಾತ್ರಿ ಉಡುಪು, ಬರಿಗಾಲು, ತಾಯಿಯ ಶಾಲು. ಕಿಟಕಿ ಪಕ್ಕದ ಜಾಗವನ್ನು ಇನ್ನೊಬ್ಬರಿಗೆ ಬಿಟ್ಟು, ಅಂಚಿನಲ್ಲಿ ಕೂತಿದ್ದಳು. ಆ ಕಿಟಕಿಯ ಗಾಜು ಮಾತ್ರ ಮಬ್ಬಾಗಿತ್ತು, ಯಾರೋ ಹತ್ತಿರದಿಂದ ಉಸಿರು ಬಿಟ್ಟ ಹಾಗೆ.

ಟಾಫ್ಟ್ ಅಜ್ಜಿ ಆಮೇಲೆ ಆಣೆ ಮಾಡಿ ಹೇಳಿದ್ದು, ಒಂದು ಚಣ ಕಣ್ಣು ಮುಚ್ಚಿದ್ದೆ, ಅಷ್ಟೇ. ಕೀಲಿ ಜೇಬಲ್ಲೇ ಇತ್ತು. ಬೀಗವೂ ಹಾಕಿದ್ದ ಹಾಗೇ ಇತ್ತು.

ನಿಲ್ಲಿಸಬೇಕು ಅನ್ನಿಸಿತು ಹೆಡ್ಲಿಗೆ. ನಿಲ್ಲಿಸಿದರೆ ಎಲ್ಲಿ ಇಳಿದು ಎಲ್ಲಿಗೆ ಹೋಗುತ್ತಾರೋ. ಅವನು ಓಡಿಸಿದ. ಡಿಪೋದ ಗೇಟು ಬಂತು, ದಾಟಿದ. ಎಡಕ್ಕೆ ಹಳ್ಳದ ಓಣಿ, ಜೋನಾಸ್ ಕಾಣೆಯಾದ ಕಡೆ. ಅಲ್ಲಿ ಬಸ್ಸು ಹೋಗುವುದಿಲ್ಲ, ಯಾವತ್ತೂ ಹೋಗಿಲ್ಲ. ಹೋದ. ಎರಡೂ ಕಡೆ ಕೌನ್ಸಿಲ್ ಕಟ್ಟಿದ ಹೊಸ ಮನೆಗಳು, ಎಲ್ಲ ಒಂದೇ ಥರ, ದೀಪ ಆರಿಸಿ ಮಲಗಿದ್ದವು. ಹಳ್ಳ ಈಗ ಸಿಮೆಂಟಿನ ಕೊಳವೆಯೊಳಗೆ ರಸ್ತೆಯ ಅಡಿ ಹರಿಯುತ್ತದೆ. ಅಲ್ಲಿ ಹಳ್ಳ ಇತ್ತು ಅನ್ನಲಿಕ್ಕೆ ರಸ್ತೆ ಸ್ವಲ್ಪ ತಗ್ಗಾಗಿ ಮತ್ತೆ ಏರುತ್ತದೆ, ಅಷ್ಟೇ ಗುರುತು.

ತಗ್ಗಿಗೆ ಬಂದಾಗ ಗಂಟೆ ಬಾರಿಸಿತು.

ಟಣ್.

ಒಂದೇ.

ಬ್ರೇಕು ಹಾಕಿದ. ಗಾಜಿನಲ್ಲಿ ನೋಡಿದರೆ ಮ್ಯೂರಿಯಲ್ ಎದ್ದು ನಿಂತಿದ್ದಳು. ಗಂಟೆಯ ಹಗ್ಗ ಅವಳಿಗೆ ಎಟುಕುವಷ್ಟು ಹತ್ತಿರದಲ್ಲೇ ಇರಲಿಲ್ಲ. ಅವಳು ಹಿಂಬದಿಗೆ ನಡೆಯುತ್ತಿದ್ದಳು, ಯಾರದೋ ಕೈ ಹಿಡಿದವಳ ಹಾಗೆ ಒಂದು ಕೈ ಮುಂದೆ ಚಾಚಿ.

ಹೆಡ್ಲಿ ಡ್ರೈವರ್ ಬಾಗಿಲಿಂದ ಹಾರಿದ. ಬಸ್ಸಿನ ಮೈ ಹಿಡಿದುಕೊಂಡು ಹಿಂದಕ್ಕೆ ಓಡಿದ. ಮಗಳ ಒಂದು ಕಾಲು ಆಗಲೇ ಮೆಟ್ಟಿಲಿಂದ ಕೆಳಗೆ, ಗಾಳಿಯಲ್ಲಿ. ಅವನು ಅವಳ ಮೊಣಕೈ ಹಿಡಿದ. ಐಸು.

"ಮ್ಯೂರಿಯಲ್," ಅಂದ. "ಇದು ನಿನ್ನ ಸ್ಟಾಪ್ ಅಲ್ಲ ಕಣೇ."

ಅವಳು ಎಳೆದಳು. ಅವನು ಬಿಡಲಿಲ್ಲ.

"ನೀನಿಲ್ಲಿ ಇಳಿಯೋ ಹಾಗಿಲ್ಲ. ಕೂತ್ಕೋ."

ಟೊಕ್... ಟೊಕ್... ಮರದ ಮೆಟ್ಟು ಅವನ ಪಕ್ಕದಲ್ಲೇ ಮೆಟ್ಟಿಲಿಳಿದು ರಸ್ತೆಗೆ ಬಂತು. ಶಾಲಿನ ಹೆಂಗಸು ಬೆನ್ನು ಹಾಕಿ ನಿಂತಳು. ಆಮೇಲೆ ಪಿಸುಮಾತು, ಈ ಸಲ ತುಂಬ ಸಣ್ಣಗೆ, ಕೇಳಲಿಕ್ಕೇ ಹೆದರಿದ ಹಾಗೆ.

"ಬಂಡಿ... ಹಿಂದೆ ಬರ್ತಾ ಇದೆಯಾ?"

ಹೆಡ್ಲಿ ಸುಳ್ಳಾದರೂ ಹೇಳಬೇಕು ಅಂತ ನಾಲಿಗೆ ಹೊರಳಿಸುವಷ್ಟರಲ್ಲಿ ಮಂಜಿನೊಳಗಿಂದ ಒಂದು ಸದ್ದು. ದೂರದಲ್ಲಿ. ಬಸ್ಸು ಬಂದ ದಾರಿಯಲ್ಲೇ. ಗಡ... ಗಡ... ಗಡ... ಕಬ್ಬಿಣದ ಪಟ್ಟಿಯ ಗಾಲಿ ಕಲ್ಲಿನ ಮೇಲೆ ಉರುಳುವ ಸದ್ದು. ಆ ರಸ್ತೆಯಲ್ಲಿ ಕಲ್ಲಿಲ್ಲ, ಡಾಮರು. ಟಪ್ ಟಪ್ ಅಂತ ಗೊರಸು. ಚರ್ಮದ ಪಟ್ಟಿ ತಿಕ್ಕುವ ಕಿರುಗುಟ್ಟು. ಕುದುರೆ ಒಮ್ಮೆ ಫುರ್ರ್ ಅಂದಿತು.

ಅವನು ಸುಳ್ಳು ಹೇಳಬೇಕಾಗಲಿಲ್ಲ.

"ಬರ್ತಾ ಇದೆ," ಅಂದ. "ಹಿಂದೇನೇ ಇದೆ."

ಅವಳು ಓಡಿದಳು. ಮೆಟ್ಟಿನ ಸದ್ದು ಟೊಕ್ ಟೊಕ್ ಟೊಕ್ ಅಂತ, ಹರೆಯದ ಹುಡುಗಿ ಓಡಿದ ಹಾಗೆ. ಹೋ... ಅಂತ ಒಬ್ಬ ಗಂಡಸು ಕುದುರೆಗೆ ಹೇಳಿದ್ದು ಕೇಳಿತು. ಆಮೇಲೆ ನೀರು. ಕೊಳವೆಯ ಒಳಗಿನ ನೀರಿನ ಸದ್ದಲ್ಲ, ಬಯಲಲ್ಲಿ ಅಗಲವಾಗಿ ಹರಿಯುವ ನೀರನ್ನು ಗಾಲಿ ಸೀಳಿಕೊಂಡು ಹೋಗುವ ಸದ್ದು. ಅದು ಅವರನ್ನು ದಾಟಿ, ಏರು ಹತ್ತಿ, ಸಣ್ಣಗಾಗಿ... ನಿಂತಿತು.

ಮಳೆಯ ಸದ್ದು ಮತ್ತೆ ಶುರುವಾಯಿತು. ಅಷ್ಟು ಹೊತ್ತು ಅದು ಇರಲೇ ಇಲ್ಲ ಅಂತ ಆಗಲೇ ಅವನಿಗೆ ತಿಳಿದದ್ದು.

ಮ್ಯೂರಿಯಲ್ ನಡುಗುತ್ತಿದ್ದಳು. ನಡುಗುತ್ತಾ ಅವನನ್ನು ನೋಡಿದಳು, ಅವನನ್ನೇ. "ಅಪ್ಪಾ, ಕಾಲು ಕೊರೀತಿದೆ," ಅಂದಳು. ಹೆಡ್ಲಿ ತನ್ನ ಕೋಟು ತೆಗೆದು ಅವಳಿಗೆ ಸುತ್ತಿ, ಹತ್ತಿರದ ಸೀಟಿನಲ್ಲಿ ಕೂರಿಸಿದ. ಅವಳ ಪಾದ ಎರಡನ್ನೂ ಕೈಯಲ್ಲಿ ಹಿಡಿದು ಉಜ್ಜಿದ. ಉಜ್ಜುತ್ತಾ ಇದ್ದಾಗ ತನ್ನ ಗಲ್ಲ ಒದ್ದೆಯಾಗಿದೆ ಅಂತ ಗೊತ್ತಾಯಿತು. ಮಳೆ ಅಂದುಕೊಂಡ. ಬಸ್ಸಿನೊಳಗೆ ಮಳೆ ಎಲ್ಲಿಯದು?

ಡಿಪೋದಲ್ಲಿ ಕೇಳಿದರು, ಬಸ್ಸು ಹಳ್ಳದ ಓಣಿಗೆ ಯಾಕೆ ಹೋಯಿತು ಅಂತ. ಮಂಜಲ್ಲಿ ದಾರಿ ತಪ್ಪಿತು ಅಂದ. ಅದೇ ರಸ್ತೆಯಲ್ಲಿ ಅಷ್ಟು ವರ್ಷ ಓಡಿಸಿದವನ ಮಾತನ್ನು ಯಾರು ನಂಬುತ್ತಾರೆ. ಸ್ವಲ್ಪ ದಿನ ಕೆಲಸಕ್ಕೆ ಬರಬೇಡ ಅಂದರು. ಮನೆಯಲ್ಲಿ ಕೂತ. ಮ್ಯೂರಿಯಲ್ ಎರಡು ದಿನ ಮಲಗಿದಳು, ಮೂರನೇ ದಿನ ಎದ್ದು ಹಸಿವು ಅಂದಳು. ಆ ರಾತ್ರಿಯದು ಅವಳಿಗೆ ಏನೂ ನೆನಪಿಲ್ಲ. ಒಲೆ ಬಿಸಿಯಾಗತೊಡಗಿತು. ಭಾನುವಾರ ಅಪ್ಪ ಮಗಳು ಇಗರ್ಜಿಯ ಹಿಂದೆ ಎನಿಡ್ ಸಮಾಧಿಯ ಹತ್ತಿರ ಹೋಗಿ ಬಂದರು. ಮಣ್ಣು ಮಾಡಿದ ಮೇಲೆ ಹೆಡ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು.

ದೆವ್ವ ಅಂದರೆ ಮಂಜಲ್ಲಿ ಕಣ್ಣು ಮಾಡಿದ ಮೋಸ ಅನ್ನುವವರು ನಮ್ಮ ಬೀದಿಯಲ್ಲೂ ಇದ್ದಾರೆ. ದುಃಖದಲ್ಲಿ ತಲೆ ಕೆಟ್ಟಿತ್ತು ಅನ್ನುವವರೂ ಇದ್ದಾರೆ. ಅನ್ನಲಿ. ಆದರೆ ಆ ರಾತ್ರಿ ಕಳೆದ ಬೆಳಿಗ್ಗೆ ಹೆಡ್ಲಿ ಹಾಲಿನ ಬಾಟಲಿ ತೆಗೆದುಕೊಳ್ಳಲಿಕ್ಕೆ ಬಾಗಿಲು ತೆರೆದಾಗ, ಮೆಟ್ಟಿಲ ಮೇಲೆ ಒಂದು ಪೊಟ್ಟಣ ಇತ್ತು. ಮೊಳಕೈ ಉದ್ದ, ಕೆಳಗೆ ಅಗಲ, ಮೇಲೆ ಚೂಪು. ನೀಲಿ ಕಾಗದ, ಹುರಿಹಗ್ಗ. ಬಿಚ್ಚಿದರೆ ಸಕ್ಕರೆ. ಹಿಂದಿನ ಕಾಲದಲ್ಲಿ ಗೋಪುರದ ಹಾಗೆ ಅಚ್ಚು ಹಾಕಿ ಗಟ್ಟಿ ಮಾಡುತ್ತಿದ್ದರಲ್ಲ, ಅಂಥದ್ದು. ಆ ಥರದ ಸಕ್ಕರೆ ಯಾವ ಅಂಗಡಿಯಲ್ಲೂ ಸಿಗುವುದು ನಿಂತು ಎಷ್ಟೋ ಕಾಲವಾಗಿತ್ತು. ರಾತ್ರಿಯಿಡೀ ಮಳೆ ಸುರಿದಿತ್ತು, ಮೆಟ್ಟಿಲು ತೊಪ್ಪೆ, ಕಾಗದ ಮಾತ್ರ ಒಣಗಿತ್ತು.

ಕಲ್ಲಿದ್ದಲು ಒಡೆಯುವ ಸುತ್ತಿಗೆಯಿಂದ ಒಡೆದು ಡಬ್ಬಕ್ಕೆ ತುಂಬಿಟ್ಟರು. ಈಸ್ಟರ್‌ವರೆಗೂ ಬಂತು. ಕ್ರಿಸ್‌ಮಸ್ ಆದ ಮೇಲೆ ಒಂದು ಸಂಜೆ ಅವರ ಮನೆಗೆ ಹೋದಾಗ ಮ್ಯೂರಿಯಲ್ ಅದನ್ನೇ ಹಾಕಿ ಕೊಟ್ಟ ಚಹಾ ನಾನೇ ಕುಡಿದಿದ್ದೇನೆ, ಈ ಬಾಯಲ್ಲಿ. ಕರಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಸಿಹಿ ನಮ್ಮ ಸಕ್ಕರೆಗಿಂತ ಒಂದು ಚೂರು ಕಡಿಮೆ.